ಸಿಗ್ನಲ್ ಇಲ್ಲದ ಊರಲ್ಲಿ ಡಿಶ್ ಹಾಕಿ ಮೊಬೈಲ್ ನಡೆಸಿದ್ದು

ಬೆಳಗಾವಿ ಜಿಲ್ಲೆ ಖಾನಾಪುರ ತಾಲೂಕಿನ ಜಾಂಬೋಟಿ, ಕಣಕುಂಬಿ ಭಾಗದ ಕಾಡಿನೊಳಗಿನ ಊರುಗಳಲ್ಲಿ ಸಿಗ್ನಲ್ ಹುಡುಕಿಕೊಂಡು ಮಂದಿ ಗುಡ್ಡ ಹತ್ತುತ್ತಾರೆ. ಅಂಥ ಕಡೆ ನಾನು ವಿಸ್ಯಾಟ್ ಡಿಶ್ (ಉಪಗ್ರಹದ ಮೂಲಕ ಇಂಟರ್ನೆಟ್ ತರುವ ಸಣ್ಣ ಡಿಶ್) ಕೂರಿಸಿ, ಮೋಡೆಮ್‌ಗೆ ವೈಫೈ ಜೋಡಿಸಿ, ಕಿಸೆಯಲ್ಲಿರುವ ಮಾಮೂಲಿ ಫೋನಿನಲ್ಲೇ ಕೆಲಸ ಸಾಗುವಂತೆ ಮಾಡುತ್ತೇನೆ. ಡಿಶ್ ನಿಲ್ಲಿಸುವುದು ಅರ್ಧ ದಿನದ ಕೆಲಸ. ಕಷ್ಟವೆಲ್ಲ ವಿಳಂಬದ್ದು, ಅಂದರೆ ಸಿಗ್ನಲ್ ಉಪಗ್ರಹಕ್ಕೆ ಹೋಗಿಬರುವ ಹೊತ್ತಿನದ್ದು.

83 ಡಿಗ್ರಿ ಪೂರ್ವ ರೇಖಾಂಶದ ಜಿಸ್ಯಾಟ್-30 ಉಪಗ್ರಹಕ್ಕೆ ಕಣಕುಂಬಿಯಿಂದ ದಿಕ್ಕು (ಉತ್ತರದಿಂದ ಬಲಕ್ಕೆ ಎಣಿಸಿ) 150 ಡಿಗ್ರಿ, ಎತ್ತರದ ಕೋನ 69, ಫೀಡ್ (ಡಿಶ್ ಮುಂದಿರುವ, ಸಿಗ್ನಲ್ ಕಳಿಸಿ ಹಿಡಿಯುವ ಭಾಗ) ತಿರುಗಿಸಬೇಕಾದದ್ದು 28. ಡಿಶ್ ಇಷ್ಟು ಮೇಲಕ್ಕೆ ನೋಡುವುದರಿಂದ 10 ಮೀಟರ್ ದೂರದಲ್ಲಿ 20 ಮೀಟರಿನ ಮರ ಇದ್ದರೂ ಅಡ್ಡ ಬರುವುದಿಲ್ಲ. ಕಂಪಾಸ್‌ ಅನ್ನು ಕಬ್ಬಿಣದ ಕಂಬದಿಂದ ಮೂರ್ನಾಲ್ಕು ಮೀಟರ್ ದೂರ ಹಿಡಿಯಬೇಕು, ಇಲ್ಲದಿದ್ದರೆ ಸುಳ್ಳು ತೋರಿಸುತ್ತದೆ. 1.2 ಮೀಟರ್ ಡಿಶ್ ಕೆಯು ಬ್ಯಾಂಡಿನಲ್ಲಿ (ಉಪಗ್ರಹಗಳು ಬಳಸುವ ಒಂದು ತರಂಗಪಟ್ಟಿ) ಕಳಿಸುವ ಕಿರಣದ ಅಗಲ ಸುಮಾರು ಒಂದೂಕಾಲು ಡಿಗ್ರಿ; ಅರ್ಧ ಡಿಗ್ರಿ ತಪ್ಪಿದರೆ 2 ಡೆಸಿಬಲ್, ಅಂದರೆ ಶಕ್ತಿಯ ಮೂರನೇ ಒಂದಕ್ಕಿಂತ ಹೆಚ್ಚು, ಹೋದಂತೆ. ಬೋಲ್ಟ್ ಬಿಗಿ ಮಾಡುವಾಗಲೇ ಅಷ್ಟು ಜರುಗಿಬಿಡುತ್ತದೆ. ಅದಕ್ಕೇ ಸಿಗ್ನಲ್ ಅಳೆಯುವ ಮೀಟರ್ ನೋಡುತ್ತ, ಎದುರುಬದುರಿನ ಬೋಲ್ಟ್‌ಗಳನ್ನು ಕಾಲು ಸುತ್ತಿನಂತೆ ಬಿಗಿಯುತ್ತ ಬರಬೇಕು.

ಈಗ ವಿಳಂಬದ ಲೆಕ್ಕ. ಕಣಕುಂಬಿಯಿಂದ ಆ ಉಪಗ್ರಹ ಸುಮಾರು 36,150 ಕಿಲೋಮೀಟರ್. ಒಂದು ಹಾದಿಗೆ 0.12 ಸೆಕೆಂಡು. ಪ್ರಶ್ನೆ ಮೇಲೆ ಹೋಗಿ ಹಬ್‌ಗೆ (ಇಂಟರ್ನೆಟ್ಟಿಗೆ ಜೋಡಿಸುವ ನೆಲದ ಕೇಂದ್ರಕ್ಕೆ) ಇಳಿದು, ಉತ್ತರ ಮತ್ತೆ ಮೇಲೆ ಹೋಗಿ ನಮ್ಮಲ್ಲಿಗೆ ಇಳಿಯಬೇಕು: ನಾಲ್ಕು ಹಾದಿ, 480 ಮಿಲಿಸೆಕೆಂಡು. ಮೋಡೆಮ್ ತನ್ನ ಸರದಿ ಕೇಳಿ ಪಡೆಯುವ ಹೊತ್ತು ಸೇರಿದರೆ ಪಿಂಗ್, ಅಂದರೆ ಹೋಗಿಬರುವ ಒಟ್ಟು ಹೊತ್ತು, 600 ಮಿಲಿಸೆಕೆಂಡು ದಾಟುತ್ತದೆ. ಬೆಳಕಿನ ಓಟವನ್ನು ಯಾವ ಸಾಮಾನಿನಿಂದಲೂ ಹೆಚ್ಚಿಸಲಾಗದು. ಕಡಿಮೆ ಮಾಡಬಹುದಾದದ್ದು ಎಷ್ಟು ಸುತ್ತು ಹೋಗಿಬರಬೇಕು ಎಂಬುದನ್ನು ಮಾತ್ರ.

ಫೋನಿನ ರೇಡಿಯೋಗೆ ಈ ದೂರ ಗೊತ್ತೇ ಆಗುವುದಿಲ್ಲ. ವೈಫೈ ಕಳಿಸಿದ ಪ್ರತಿ ತುಣುಕಿಗೂ ಮುಟ್ಟಿತು ಎಂಬ ಉತ್ತರ ಮೈಕ್ರೋಸೆಕೆಂಡುಗಳಲ್ಲಿ ಬರಬೇಕು, ಅದನ್ನು ಪಕ್ಕದ ಆಕ್ಸೆಸ್ ಪಾಯಿಂಟೇ ಕೊಡುತ್ತದೆ. ತೊಂದರೆ ಅದರ ಮೇಲಿನ ಹಂತದಲ್ಲಿ. ಒಂದು ಪುಟ ತೆರೆಯಲು ಸೈಟಿನ ಹೆಸರಿನಿಂದ ವಿಳಾಸ ಹುಡುಕಲು (ಡಿಎನ್‌ಎಸ್) ಒಂದು ಸುತ್ತು, ಸಂಪರ್ಕ ಕಟ್ಟುವ ಟಿಸಿಪಿಗೆ ಒಂದು, ಗೂಢಲಿಪಿ ಹೊಂದಿಸುವ ಟಿಎಲ್‌ಎಸ್ 1.2 ಆದರೆ ಎರಡು, ಪುಟ ಕೇಳಲು ಒಂದು. ಐದು ಸುತ್ತು, ಮೂರು ಸೆಕೆಂಡು, ತೆರೆ ಇನ್ನೂ ಖಾಲಿ.

ಹೆಸರು ಹುಡುಕುವ ಸುತ್ತನ್ನು ರೂಟರಿನಲ್ಲೇ ಮುಗಿಸಬಹುದು. ಅಲ್ಲಿ ಈ ಕೆಲಸ ಮಾಡುವ ಡಿಎನ್‌ಎಸ್‌ಮಾಸ್ಕ್ ತಂತ್ರಾಂಶವನ್ನು ಸುಮ್ಮನೆ ಬಿಟ್ಟರೆ 150 ಹೆಸರು ನೆನಪಿಡುತ್ತದೆ. ನಾನು 5,000ಕ್ಕೆ ಏರಿಸುತ್ತೇನೆ. ಫೋನಿನಲ್ಲಿ ಪ್ರೈವೇಟ್ ಡಿಎನ್‌ಎಸ್‌ಗೆ ಯಾವುದಾದರೂ ಹೊರಗಿನ ಸರ್ವರಿನ ಹೆಸರು ಕೊಟ್ಟಿದ್ದರೆ ರೂಟರಿನ ಈ ನೆನಪು (ಕ್ಯಾಶ್) ತಪ್ಪಿಹೋಗುತ್ತದೆ, ಅದನ್ನು ಆಟೋಮ್ಯಾಟಿಕ್‌ಗೆ ತರಬೇಕು.

ಟಿಸಿಪಿಯದು ದೊಡ್ಡ ನಷ್ಟ. ಮೊದಲ ಸುತ್ತಿಗೆ ಹತ್ತು ಪ್ಯಾಕೆಟ್ (ಡೇಟಾದ ತುಣುಕು), ಅಂದರೆ ಸುಮಾರು 14 ಕೆಬಿ ಕಳಿಸಿ, ಉತ್ತರ ಬಂದಂತೆ ಸುತ್ತಿಗೆ ಎರಡರಷ್ಟು ಮಾಡುತ್ತ ಹೋಗುತ್ತದೆ. 10 ಎಂಬಿಪಿಎಸ್ ಲಿಂಕ್ ತುಂಬಬೇಕಾದರೆ 750 ಕೆಬಿ ಆಕಾಶದಲ್ಲಿ ಹಾರುತ್ತಿರಬೇಕು. ಅಲ್ಲಿಗೆ ಮುಟ್ಟಲು ಆರು ಸುತ್ತು. ಅಷ್ಟರಲ್ಲಿ ಸಣ್ಣ ಫೋಟೋ ಮುಗಿದೇ ಹೋಗಿರುತ್ತದೆ. ಮೋಡೆಮ್‌ನ ಟಿಸಿಪಿ ಆಕ್ಸಿಲರೇಶನ್ ಇದಕ್ಕೆ ಮದ್ದು: ಮುಟ್ಟಿತು ಎಂದು ಮೋಡೆಮ್ಮೇ ಫೋನಿಗೆ ಹೇಳಿ, ಹಬ್‌ಗೆ ಸಾಗಿಸುವ ಜವಾಬ್ದಾರಿ ತಾನು ಹೊರುತ್ತದೆ. ಹಬ್ ಕಡೆಯೂ ಅದು ಚಾಲೂ ಇದೆಯೇ ಎಂದು ಕೇಳಿಕೊಳ್ಳಿ. ವಿಪಿಎನ್ ಮತ್ತು ಕ್ವಿಕ್‌ನೊಳಗೆ (ಟಿಸಿಪಿ ಬದಲು ಯುಡಿಪಿ ಮೇಲೆ ಓಡುವ ಪದ್ಧತಿ) ಮೋಡೆಮ್ ಕೈ ಹಾಕಲಾಗದು, ಎಲ್ಲ ಗೂಢಲಿಪಿ. ಅದಕ್ಕೇ ಕ್ವಿಕ್ ಬಳಸುವ ಯುಡಿಪಿ ಪೋರ್ಟ್ 443 ಅನ್ನು ಫೈರ್‌ವಾಲ್‌ನಲ್ಲಿ ರಿಜೆಕ್ಟ್ ಮಾಡುತ್ತೇನೆ, ಅಂದರೆ ಆಗದು ಎಂದು ಉತ್ತರಿಸಿ ತಡೆಯುತ್ತೇನೆ. ಉತ್ತರಿಸದೆ ಡ್ರಾಪ್ ಮಾಡಬಾರದು, ಆಪ್ ಉತ್ತರಕ್ಕಾಗಿ ಕಾಯುತ್ತ ಕೂರುತ್ತದೆ. ರಿಜೆಕ್ಟ್ ಆದರೆ ಬೇಗ ಟಿಸಿಪಿಗೆ ಹೊರಳುತ್ತದೆ.

ಯುಡಿಪಿ ಪೋರ್ಟ್ 500 ಮತ್ತು 4500 ಮಾತ್ರ ಮುಚ್ಚಬೇಡಿ. ವೈಫೈ ಕಾಲಿಂಗ್ ಅವುಗಳ ಮೇಲೆಯೇ ನಡೆಯುತ್ತದೆ, ಟವರ್ ಇಲ್ಲದ ಊರಲ್ಲಿ ಬ್ಯಾಂಕಿನ ಓಟಿಪಿ ಬರುವ ದಾರಿಯೂ ಅದೇ. ಸಿಪ್ ಫೋನ್ (ಇಂಟರ್ನೆಟ್ ಮೇಲೆ ಕರೆ ಮಾಡುವ ಫೋನು) ಇಟ್ಟರೆ, ಉತ್ತರಕ್ಕೆ ಎಷ್ಟು ಕಾಯಬೇಕೆಂದು ಹೇಳುವ ಅದರ ಟಿ1 ಟೈಮರ್ 500 ಮಿಲಿಸೆಕೆಂಡು ಇರುತ್ತದೆ, ಉತ್ತರ ಬರುವ ಮೊದಲೇ ಎಲ್ಲವನ್ನೂ ಎರಡೆರಡು ಸಲ ಕಳಿಸುತ್ತದೆ. 2,000ಕ್ಕೆ ಏರಿಸಿ. ಕರೆಯಲ್ಲಿ ಒಬ್ಬರ ಮೇಲೊಬ್ಬರು ಮಾತಾಡುವುದು ತಪ್ಪಲು, ತನ್ನ ಮಾತು ಮುಗಿದಾಗ "ಹೇಳ್ರಿ" ಎಂದು ಬಿಟ್ಟುಕೊಡುವ ರೂಢಿ ಒಂದೇ ಉಪಾಯ.

ಫೋನೇ ನೇರ ಉಪಗ್ರಹಕ್ಕೆ ಮಾತಾಡುವ ಪದ್ಧತಿಯಲ್ಲಿ ಈ ಭಾರ ಫೋನಿನ ಮೇಲೇ ಬೀಳುತ್ತದೆ. ಸಿಗ್ನಲ್ ಹೋಗಿಬರುವ ವಿಳಂಬವನ್ನು 4ಜಿ ಟವರ್ ಹೊಂದಿಸಿಕೊಳ್ಳುವುದು 0.67 ಮಿಲಿಸೆಕೆಂಡಿನವರೆಗೆ, ಅಂದರೆ 100 ಕಿಲೋಮೀಟರ್ ದೂರದವರೆಗೆ. 600 ಕಿಲೋಮೀಟರ್ ಮೇಲಿನ ಉಪಗ್ರಹ ನೆತ್ತಿಯ ಮೇಲಿದ್ದರೂ ಹೋಗಿಬರಲು 4 ಮಿಲಿಸೆಕೆಂಡು ಬೇಕು. 2022ರ 3ಜಿಪಿಪಿ (ಮೊಬೈಲ್ ಜಾಲದ ಮಾನದಂಡ ರೂಪಿಸುವ ಕೂಟ) ರಿಲೀಸ್ 17ರಲ್ಲಿ ಇದಕ್ಕೆ ದಾರಿ ಮಾಡಿದ್ದಾರೆ: ಉಪಗ್ರಹ ತನ್ನ ಜಾಗ, ವೇಗ ಸಾರುತ್ತದೆ, ಫೋನು ತನ್ನ ಜಿಪಿಎಸ್ ಜಾಗ ಸೇರಿಸಿ ಲೆಕ್ಕ ಹಾಕಿ ಅಷ್ಟು ಮುಂಚೆಯೇ ಕಳಿಸುತ್ತದೆ. ಜಿಪಿಎಸ್ ಹಿಡಿಯದಿದ್ದರೆ ಸಂಪರ್ಕವೂ ಇಲ್ಲ.

ಮತ್ತೆ ಡಿಶ್‌ಗೆ ಬಂದರೆ, ನಾನು ಅತಿ ಹೆಚ್ಚು ಹೊತ್ತು ಕಳೆಯುವುದು ಪ್ಯಾಕೆಟ್‌ಗಳು ಕಾದು ನಿಲ್ಲುವ ಸಾಲಿನ ಮೇಲೆ. ಒಂದು ಫೋನು ವಿಡಿಯೋ ಕಳಿಸತೊಡಗಿದರೆ ಸಾಕು, 620 ಇದ್ದ ಪಿಂಗ್ 900, 1,700, 3,000 ಎಂದು ಏರುತ್ತದೆ. ಅದು ಆಕಾಶದ ವಿಳಂಬವಲ್ಲ, ಮೋಡೆಮ್‌ನೊಳಗೆ ಕಟ್ಟಿಕೊಂಡ ಸಾಲು. ಮೇಲ್ಮುಖ ವೇಗ 2 ಎಂಬಿಪಿಎಸ್ ಇದ್ದರೆ ರೂಟರಿನಲ್ಲಿ 1,750 ಕೆಬಿಪಿಎಸ್‌ಗೆ ಮಿತಿ ಹಾಕಿ. ಸಾಲು ರೂಟರಿಗೆ ಬಂದು ನಮ್ಮ ಕೈಗೆ ಸಿಗುತ್ತದೆ. ಸಾಲು ಬೆಳೆಯದಂತೆ ನೋಡಿಕೊಳ್ಳುವ ಎಫ್‌ಕ್ಯೂ-ಕೋಡೆಲ್‌ನ ಇಂಟರ್ವಲ್ (ಬಿಸಾಕುವ ಮೊದಲು ಕಾದು ನೋಡುವ ಅವಧಿ) 100 ಮಿಲಿಸೆಕೆಂಡು ನೆಲದ ಲಿಂಕಿಗೆ ಮಾಡಿದ್ದು. ಇಲ್ಲಿ ಹಾಗೇ ಬಿಟ್ಟರೆ ಆರೋಗ್ಯವಾಗಿರುವ ಸಂಪರ್ಕದ ಪ್ಯಾಕೆಟ್‌ಗಳನ್ನೂ ಬಿಸಾಕುತ್ತದೆ. ಇಂಟರ್ವಲ್ 700, ಟಾರ್ಗೆಟ್ (ಸಾಲಿನಲ್ಲಿ ಸೈರಿಸಬಹುದಾದ ಕಾಯುವಿಕೆ) 50 ಇಡಿ.

ಮಳೆಗಾಲದಲ್ಲಿ ಇದನ್ನೇ ಮತ್ತೆ ನೋಡಬೇಕು. ಕಣಕುಂಬಿಯ ಮಳೆಗೆ ಕೆಯು ಬ್ಯಾಂಡ್ ಸೊರಗುತ್ತದೆ, ಮೋಡೆಮ್ ಲಿಂಕ್ ಉಳಿಸಿಕೊಳ್ಳಲು ವೇಗ ಇಳಿಸುತ್ತದೆ. ರೂಟರ್ ಇನ್ನೂ 1,750 ಎಂದೇ ಸುರಿಯುತ್ತಿದ್ದರೆ ಸಾಲು ಮತ್ತೆ ಮೋಡೆಮ್‌ನೊಳಗೆ ಕಟ್ಟುತ್ತದೆ. ಅದಕ್ಕೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಿತಿಯನ್ನು 1,000ಕ್ಕೆ ಇಳಿಸಿಟ್ಟು, ಅಕ್ಟೋಬರ್‌ನಲ್ಲಿ ಏರಿಸುತ್ತೇನೆ.