ಮಂಡಿಯೂರಿ ಕುಳಿತ ಮೇಲೆ ಬದಲಾದ ಪ್ಲಾನ್

ಡೇಕೇರ್ ಕಟ್ಟಡಕ್ಕೆ ನಾನು ಬರೆದ ಮೊದಲ ಪ್ಲಾನ್ ನೋಡಲು ಚೆನ್ನಾಗಿಯೇ ಇತ್ತು. ನಡುವೆ ಕಟ್ಟಡ, ಸುತ್ತ ಹುಲ್ಲು, ಮೂಲೆಯಲ್ಲಿ ಆಟದ ಜಾಗ. ಅಡ್ಡ ಬರುವ ಎರಡು ದೊಡ್ಡ ಮರ ಕಡಿಸಿಬಿಡಿ ಅಂತ ಮಾಲೀಕರೂ ಹೇಳಿದ್ದರು. ಅದಕ್ಕೂ ಮುಂಚೆ ಒಂದು ದಿನ ಸುಮ್ನೆ ಸೈಟಿನಲ್ಲಿ ಮಂಡಿಯೂರಿ ಕುಳಿತೆ. ಮೂರು ವರ್ಷದ ಮಗು ಹೆಚ್ಚುಕಡಿಮೆ 3 ಅಡಿ ಎತ್ತರ ಇರುತ್ತದೆ. ನನ್ನ ಕಿಟಕಿಗಳು ಶುರುವಾಗುತ್ತಿದ್ದದ್ದೂ ನೆಲದಿಂದ 3 ಅಡಿಗೆ! ಮಗುವಿಗೆ ಕಾಣುವುದು ಬರೀ ಗೋಡೆ. ಹೊರಗೆ ಹಸಿರು ಎಷ್ಟಿದ್ದರೇನು?

ಪ್ಲಾನ್ ಹರಿದು ಹಾಕಿದೆ. ಮರಗಳನ್ನು ಉಳಿಸಿಕೊಂಡು, ಅವುಗಳ ಪಕ್ಕದಲ್ಲಿ ಕಟ್ಟಡ ಇಂಗ್ಲಿಷಿನ L ಆಕಾರಕ್ಕೆ ತಿರುಗಿತು. ಹೀಗೆ ಮಾಡಿದ್ದರಿಂದ ನೋಡಿಕೊಳ್ಳುವವರು ಒಂದೇ ಕಡೆ ನಿಂತು ಕೋಣೆ, ಅಂಗಳ ಎರಡನ್ನೂ ನೋಡಬಹುದು. ಕಿಟಕಿಗಳನ್ನು 1 ಅಡಿಗೆ ಇಳಿಸಿದೆ. ಒಡೆದರೂ ಚೂರು ಉದುರದ ಲ್ಯಾಮಿನೇಟೆಡ್ ಗಾಜು ಹಾಕಿಸಿದೆ. ಖರ್ಚು ಜಾಸ್ತಿಯಾಯಿತು, ಇದರಲ್ಲಿ ಮಾತ್ರ ನಾನು ಬಗ್ಗಲಿಲ್ಲ.

ಕೋಣೆಗೂ ಅಂಗಳಕ್ಕೂ ನಡುವೆ 8 ಅಡಿ ಅಗಲದ ಜಗಲಿ ಬಂತು. ನನ್ನ ಕೇಳಿದರೆ ಇಡೀ ಕಟ್ಟಡದಲ್ಲಿ ಮುಖ್ಯವಾದದ್ದು ಇದೇ. ಮಳೆಯಲ್ಲೂ ಬಿಸಿಲಲ್ಲೂ ಮಕ್ಕಳು ಹೊರಗೇ ಇರಬಹುದು. ಅಂಬೆಗಾಲಿಡುವವರಿಗೂ ದಾಟಲು ಆಗಲಿ ಅಂತ ಹೊಸ್ತಿಲು ತೆಗೆದೆ. ನೀರು ಒಳಗೆ ನುಗ್ಗದಂತೆ ಜಗಲಿಗೆ ಹೊರಕ್ಕೆ ಸ್ವಲ್ಪ ಇಳಿಜಾರು ಕೊಟ್ಟು, ಅಂಚಿನಲ್ಲಿ ಜಾಲರಿ ಮುಚ್ಚಿದ ಚರಂಡಿ ಮಾಡಿಸಿದೆ.

ಪಾಯ ತೆಗೆಯುವಾಗ ಮೇಸ್ತ್ರಿಗೂ ನನಗೂ ಜಗಳವೇ ಆಯಿತು. ಮರ ಆಹಾರ ಹೀರುವ ಬೇರುಗಳು ಹೆಚ್ಚಾಗಿ ಮೇಲಿನ 2 ಅಡಿ ಮಣ್ಣಿನಲ್ಲೇ ಇರುತ್ತವೆ. ಉದ್ದಕ್ಕೂ ಪಾಯ ತೋಡಿದರೆ ಅವೆಲ್ಲ ಹೋದಂತೆ. ಹಾಗಾಗಿ ಮರದ ಹತ್ತಿರ ಬಿಡಿಬಿಡಿ ಪಿಲ್ಲರ್ ಗುಂಡಿಗಳನ್ನು ಕೈಯಲ್ಲೇ ತೋಡಿಸಿ, ತೊಲೆಗಳನ್ನು ನೆಲಕ್ಕಿಂತ ಮೇಲೆ ಹಾಯಿಸಿದೆವು.

ಎಡವಿದ್ದು ಬೇರೆ ಕಡೆ. ಜಪಾನಿನ ತಾಚಿಕಾವಾದಲ್ಲಿ ತೆಝುಕಾ ಆರ್ಕಿಟೆಕ್ಟ್ಸ್ 2007ರಲ್ಲಿ ಮುಗಿಸಿದ ಫುಜಿ ಶಿಶುವಿಹಾರದಲ್ಲಿ ಮೂರು ಮರಗಳು ಛಾವಣಿ ತೂರಿ ಮೇಲೆ ಬಂದಿವೆ. ಆ ಫೋಟೋ ನೋಡಿ ನನಗೂ ಆಸೆ. ಒಂದು ಮರವನ್ನು ಜಗಲಿಯ ಸೂರಿನೊಳಗಿಂದ ಹಾಯಿಸಿದೆ. ಮಳೆ ಸೋರಬಾರದು ಅಂತ ಕಾಂಡದ ಸುತ್ತ ಬಿಗಿಯಾಗಿ ತಗಡು ಕಟ್ಟಿಸಿದ್ದು ನನ್ನದೇ ಬುದ್ಧಿವಂತಿಕೆ. ಗಾಳಿಗೆ ಮರ ಅಲ್ಲಾಡುತ್ತೆ ಅಲ್ವಾ? ಮೊದಲ ಬಿರುಗಾಳಿಗೇ ತಗಡು ಕಿತ್ತು ಬಂತು, ತೊಗಟೆಯೂ ಗೀರಿ ಹೋಯಿತು. ಕೊನೆಗೆ ಸುತ್ತ 1 ಅಡಿ ಜಾಗ ಬಿಟ್ಟು, ಮಳೆ ಬೀಳಲಿ ಅಂತ ಹಾಗೇ ತೆರೆದಿಟ್ಟೆ. ಕೆಳಗೆ ನೀರು ಇಂಗಲು ಮಣ್ಣು ಬಿಟ್ಟು, ಅದರ ಮೇಲೆ ಬಾಯಿಗೆ ಹಾಕಿಕೊಳ್ಳಲಾಗದಷ್ಟು ದಪ್ಪ ಕಲ್ಲು ಹಾಸಿದೆ. ಮಳೆ ಬಂದರೆ ಈಗ ಮಕ್ಕಳೆಲ್ಲ ಅಲ್ಲೇ ಸುತ್ತ ನಿಲ್ಲುತ್ತಾರೆ.

ಗಿಡಗಳ ವಿಷಯಕ್ಕೆ ಬಂದರೆ, ಹೂವು ಚೆಂದ ಅಂತ ತೋಟದವರು ತಂದಿದ್ದ ಕಣಗಿಲೆಯನ್ನು ವಾಪಸ್ ಕಳಿಸಿದೆ. ಅದರ ಎಲೆ, ಹೂವು, ಕೊಂಬೆ ಎಲ್ಲವೂ ವಿಷ.

ಶುರುವಾದ ವಾರದಲ್ಲೇ ಅಲ್ಲಿನ ಆಯಾ ಫೋನ್ ಮಾಡಿ, "ಮಣ್ಣಲ್ಲಿ ಆಡೋದೇನೋ ಸರಿ ಸಾರ್, ಕಾಲು ತೊಳೆಯೋದೆಲ್ಲಿ?" ಅಂದರು. ನಲ್ಲಿ ಇದ್ದದ್ದು ಕಟ್ಟಡದ ಹಿಂದುಗಡೆ. ಜಗಲಿಯ ಅಂಚಿನಲ್ಲಿ ಮಕ್ಕಳ ಕೈಗೆ ಎಟುಕುವಂತೆ ಎರಡು ನಲ್ಲಿ ಹಾಕಿಸಿಕೊಟ್ಟೆ. ಅದರ ನೀರು ಈಗ ಮರಕ್ಕೆ ಹೋಗುತ್ತದೆ.