ಇ-ಇಂಕ್ ಟ್ಯಾಬ್ಲೆಟ್‌ನಲ್ಲಿ ಕನ್ನಡ ಕಡತ: ಓದುವ, ಗುರುತು ಹಾಕುವ, ಹೊರತೆಗೆಯುವ ಕ್ರಮ

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಸಹಕಾರಿ ಸಂಘಗಳಿಗೆ ವಾರ್ಷಿಕ ಸಭೆಯ ಕಾಲ ಬರುವುದು ಮಳೆಗಾಲದ ಕೊನೆಯಲ್ಲಿ. ಅಢಾವೆ ಪತ್ರಿಕೆ, ಲೆಕ್ಕಪರಿಶೋಧನಾ ವರದಿ, ಉಪವಿಧಿ ತಿದ್ದುಪಡಿಯ ಕರಡು ಎಲ್ಲವೂ ಈಗ ಪಿಡಿಎಫ್ ರೂಪದಲ್ಲಿ ನಿರ್ದೇಶಕರ ಮೊಬೈಲಿಗೆ ಬಂದು ಬೀಳುತ್ತವೆ. ಕಾರವಾರದ ವಕೀಲರಿಗೆ ದಾವೆಯ ಪ್ರತಿಗಳು, ಶಿರಸಿಯ ಅರಣ್ಯ ಮಹಾವಿದ್ಯಾಲಯದ ವಿದ್ಯಾರ್ಥಿಗೆ ಸಂಶೋಧನಾ ಲೇಖನಗಳು, ತಾಳಮದ್ದಳೆಗೆ, ಅಂದರೆ ವೇಷ-ಕುಣಿತವಿಲ್ಲದ ಮಾತಿನ ಯಕ್ಷಗಾನಕ್ಕೆ, ಸಿದ್ಧತೆ ನಡೆಸುವ ಅರ್ಥಧಾರಿಗೆ ಸ್ಕ್ಯಾನ್ ಮಾಡಿದ ಹಳೆಯ ಪ್ರಸಂಗಗಳು ಸಿಗುವುದೂ ಇದೇ ರೂಪದಲ್ಲಿ. ಇವನ್ನು ಮೊಬೈಲಿನಲ್ಲಿ ಓದುವುದು ಕಣ್ಣಿಗೆ ಶ್ರಮ. ಮುದ್ರಿಸಿಟ್ಟುಕೊಂಡರೆ ಜುಲೈ ತಿಂಗಳ ಥಂಡಿಗೆ ಕಾಗದ ಮೆತ್ತಗಾಗಿ ಪೆನ್ನಿನ ಶಾಯಿ ಹರಡುತ್ತದೆ. ಇಂಥವರಿಗೆ ಇ-ಇಂಕ್ ಟ್ಯಾಬ್ಲೆಟ್ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಆದರೆ ಅದರಲ್ಲಿ ಬರೆದ ಟಿಪ್ಪಣಿ ಮುಂದೆ ಬೇರೆಯವರ ಕೈಗೆ ಹೇಗೆ ತಲುಪಬೇಕು ಎಂಬುದನ್ನು ಕೊಳ್ಳುವ ಮೊದಲೇ ಯೋಚಿಸಿದವರಿಗೆ ಮಾತ್ರ ಹಾಕಿದ ಹಣ ಸಾರ್ಥಕವಾಗುತ್ತದೆ.

ಈ ಪರದೆ ಮೊಬೈಲಿನ ಪರದೆಯಂತೆ ಒಳಗಿನಿಂದ ಬೆಳಗುವುದಿಲ್ಲ. ಕೂದಲೆಳೆಯಷ್ಟು ಸಣ್ಣ ಕೋಶಗಳಲ್ಲಿ ವಿರುದ್ಧ ವಿದ್ಯುದಾವೇಶದ ಕಪ್ಪು ಮತ್ತು ಬಿಳಿ ಕಣಗಳಿರುತ್ತವೆ. ವಿದ್ಯುತ್ ಹಾಯಿಸಿದಾಗ ಅವುಗಳಲ್ಲಿ ಒಂದು ಬಗೆಯವು ಮೇಲೆ ಬಂದು ಅಕ್ಷರ ಮೂಡುತ್ತದೆ, ಮತ್ತೆ ಪುಟ ತಿರುಗಿಸುವವರೆಗೂ ಅಲ್ಲಿಯೇ ನಿಲ್ಲುತ್ತದೆ. ಅಮೆರಿಕದ ಎಂಐಟಿ ಸಂಸ್ಥೆಯ ಸಂಶೋಧನೆಯಿಂದ ಹುಟ್ಟಿ, 1997ರಲ್ಲಿ ಕಂಪನಿಯ ರೂಪ ಪಡೆದ ತಂತ್ರವಿದು. ವಿದ್ಯುತ್ ಖರ್ಚಾಗುವುದು ಬಹುಮಟ್ಟಿಗೆ ಪುಟ ಬದಲಾಗುವಾಗ ಮಾತ್ರ. ಹಾಗಾಗಿ ವೈಫೈಯನ್ನೂ ಕತ್ತಲಲ್ಲಿ ಓದಲೆಂದು ಕೆಲವು ಸಾಧನಗಳಲ್ಲಿ ಪರದೆಯ ಮೇಲೆ ಬೀಳುವಂತೆ ಇಟ್ಟಿರುವ ಮುಂಬೆಳಕನ್ನೂ ನಿಲ್ಲಿಸಿಟ್ಟು ಓದಿದರೆ ಬ್ಯಾಟರಿ ದಿನಗಟ್ಟಲೆ ಬಾಳುತ್ತದೆ. ಗಾಳಿಮಳೆಗೆ ಮರ ಬಿದ್ದು ಎರಡು ದಿನ ಕರೆಂಟು ಹೋಗುವ ಊರುಗಳಲ್ಲಿ ಇದು ಸಣ್ಣ ಅನುಕೂಲವಲ್ಲ. ಬಿಸಿಲಿನಲ್ಲಿ, ಜಗಲಿಯಲ್ಲಿ ಕುಳಿತು ಓದುವಾಗಂತೂ ಅಕ್ಷರ ಇನ್ನಷ್ಟು ಸ್ಪಷ್ಟವಾಗಿ ಕಾಣುತ್ತದೆ.

ಮೊದಲು ಅಳತೆ

ಮಾರುಕಟ್ಟೆಯಲ್ಲಿ ಬರೆಯಲು ಬರುವ ಟ್ಯಾಬ್ಲೆಟ್‌ಗಳ ಸಾಮಾನ್ಯ ಅಳತೆ 10.3 ಇಂಚು. ಪರದೆ ಹತ್ತಿರ ಹತ್ತಿರ 157 ಮಿಲಿಮೀಟರ್ ಅಗಲ, 210 ಮಿಲಿಮೀಟರ್ ಎತ್ತರ ಇರುತ್ತದೆ. ನಮ್ಮ ಕಚೇರಿಗಳ ಎ4 ಹಾಳೆ 210 ಮಿಲಿಮೀಟರ್ ಅಗಲ, 297 ಎತ್ತರ. ಇಡೀ ಪುಟ ಕಾಣುವಂತೆ ಇಟ್ಟರೆ 12 ಪಾಯಿಂಟಿನ ಅಕ್ಷರ ಎಂಟೂವರೆ ಪಾಯಿಂಟಿನಷ್ಟಕ್ಕೆ ಇಳಿಯುತ್ತದೆ. ಇಂಗ್ಲಿಷ್ ಅಕ್ಷರವನ್ನು ಆ ಗಾತ್ರದಲ್ಲೂ ಹೇಗೋ ಓದಬಹುದು. ಕನ್ನಡದಲ್ಲಿ ಸಾಲಿನ ಕೆಳಗೆ ಇಳಿಯುವ ಒತ್ತಕ್ಷರಗಳು ಮೊದಲು ಕಲಸಿಹೋಗುತ್ತವೆ. ಆದ್ದರಿಂದ ಕನ್ನಡ ಕಡತ ಓದುವವರು ಪ್ರತಿ ಇಂಚಿಗೆ 300 ಚುಕ್ಕೆಗಳ ಪರದೆ ಸಿಗುವುದಾದರೆ 227 ಚುಕ್ಕೆಗಳದ್ದನ್ನು ಬಿಟ್ಟು ಅದನ್ನೇ ಆರಿಸಿಕೊಳ್ಳುವುದು ಒಳ್ಳೆಯದು. 13.3 ಇಂಚಿನ ಪರದೆ ಎ4ಗೆ ಬಹಳ ಸಮೀಪದ್ದು, ಆದರೆ ಬೆಲೆಯೂ ತೂಕವೂ ಹೆಚ್ಚು. ಬಣ್ಣದ ಇ-ಇಂಕ್ ಪರದೆಗಳ ಹಿನ್ನೆಲೆ ಕಪ್ಪು-ಬಿಳುಪಿನದಕ್ಕಿಂತ ಮಬ್ಬಾಗಿರುವುದರಿಂದ, ನಕ್ಷೆಗಳ ಕೆಲಸ ಇರುವವರನ್ನು ಬಿಟ್ಟರೆ ಉಳಿದವರಿಗೆ ಅದರ ಅಗತ್ಯ ನನಗೆ ಕಾಣುವುದಿಲ್ಲ.

ಕೊಳ್ಳುವ ಮೊದಲು ನಿಮ್ಮದೇ ಒಂದು ಕಡತವನ್ನು ಅದರಲ್ಲಿ ತೆರೆದು ನೋಡಿ. ಪಿಡಿಎಫ್‌ನಲ್ಲಿ ಸಾಮಾನ್ಯವಾಗಿ ಅಕ್ಷರಶೈಲಿ ಒಳಗೇ ಅಡಕವಾಗಿರುವುದರಿಂದ ತೊಂದರೆಯಾಗುವುದಿಲ್ಲ. ಪರದೆಯ ಅಳತೆಗೆ ತಕ್ಕಂತೆ ಸಾಲುಗಳನ್ನು ಹೊಂದಿಸಿಕೊಳ್ಳುವ ಇಪಬ್ ರೂಪದ ಪುಸ್ತಕಗಳಲ್ಲಿ ಮಾತ್ರ ಸಾಧನವೇ ಕನ್ನಡವನ್ನು ಜೋಡಿಸಬೇಕಾಗುತ್ತದೆ. ‘ರಾಷ್ಟ್ರ’, ‘ಸೂರ್ಯ’, ‘ಲಕ್ಷ್ಮಿ’ ಎಂಬ ಪದಗಳು ಸರಿಯಾಗಿ ಮೂಡಿದರೆ ಉಳಿದವೂ ಮೂಡುತ್ತವೆ. ಒತ್ತುಗಳು ಬಿಡಿಬಿಡಿಯಾಗಿ ಕಂಡರೆ ಹೊರಗಿನಿಂದ ನೋಟೋ ಕನ್ನಡದಂತಹ ಯೂನಿಕೋಡ್ ಅಕ್ಷರಶೈಲಿ ಸೇರಿಸಲು ಅವಕಾಶವಿದೆಯೇ ಎಂದು ವಿಚಾರಿಸಿಕೊಳ್ಳಬೇಕು.

ಕಡತವನ್ನು ಹದಗೊಳಿಸುವುದು

ಹೆಚ್ಚಿನವರು ಈ ಹಂತವನ್ನು ಹಾರಿಸಿಬಿಡುತ್ತಾರೆ. ಅನಂತರ ಟ್ಯಾಬ್ಲೆಟ್ ಸರಿಯಿಲ್ಲ ಎನ್ನುತ್ತಾರೆ. ಹಳೆಯ ದಸ್ತಾವೇಜನ್ನೋ ಪ್ರಸಂಗ ಪುಸ್ತಕವನ್ನೋ ಮೊಬೈಲಿನಲ್ಲಿ ಫೋಟೊ ತೆಗೆದು ಹಾಗೆಯೇ ಸೇರಿಸಿದರೆ ಕಾಗದದ ಹಳದಿ ಬಣ್ಣ ಪರದೆಯ ಮೇಲೆ ಬೂದು ಚುಕ್ಕೆಗಳಾಗಿ ಹರಡಿ ಅಕ್ಷರವನ್ನು ನುಂಗುತ್ತದೆ, ಏಕೆಂದರೆ ಈ ಪರದೆ ತೋರಿಸಬಲ್ಲುದು ಬೂದಿನ 16 ಛಾಯೆಗಳನ್ನು ಮಾತ್ರ. ಸ್ಕ್ಯಾನ್ ಮಾಡುವ ಆ್ಯಪ್‌ನಲ್ಲಿ ಕಪ್ಪು-ಬಿಳುಪು ದಸ್ತಾವೇಜು ಎಂಬ ಆಯ್ಕೆ ಇಟ್ಟು, ಪುಟವನ್ನು ನೇರಗೊಳಿಸಿ, ಇಂಚಿಗೆ 300 ಚುಕ್ಕೆಗಳ ಸಾಂದ್ರತೆಯಲ್ಲಿ ಉಳಿಸಬೇಕು. ಪೆನ್ಸಿಲಿನಲ್ಲಿ ಬರೆದ ಸಾಲು, ಮಾಸಿದ ಮೊಹರು ಇರುವ ಪುಟಗಳನ್ನು ಮಾತ್ರ ಬೂದು ಬಣ್ಣದಲ್ಲಿಯೇ ಬಿಡಿ. ಕಪ್ಪು-ಬಿಳುಪು ಮಾಡಿದರೆ ಅವು ಅಳಿಸಿಹೋಗಬಹುದು. ನೂರಾರು ಪುಟಗಳ ಭಾರದ ಕಡತವನ್ನು ಅಧ್ಯಾಯವಾರು ಒಡೆದರೆ ಪುಟ ತಿರುಗುವುದು ಚುರುಕಾಗುತ್ತದೆ.

ಕಂಪ್ಯೂಟರಿನಲ್ಲಿ ಸಿದ್ಧವಾದ ಕನ್ನಡ ಪಿಡಿಎಫ್‌ಗಳಲ್ಲಿ ಬೇರೊಂದು ತೊಡಕಿದೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಯಲ್ಲಿ ಬೆರಳಚ್ಚಾದ ವರದಿ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ, ಆದರೆ ಅದರೊಳಗೆ ‘ಠರಾವು’ ಎಂದು ಹುಡುಕಿದರೆ ಏನೂ ಸಿಗದು, ಸಾಲನ್ನು ನಕಲು ಮಾಡಿದರೆ ಅರ್ಥವಿಲ್ಲದ ರೋಮನ್ ಅಕ್ಷರಗಳು ಬರುತ್ತವೆ. ಬರೆದವರಿಂದ ಮೂಲ ಕಡತವನ್ನು ಯೂನಿಕೋಡ್‌ಗೆ ಪರಿವರ್ತಿಸಿ ಕೇಳಿ ಪಡೆಯುವುದು ಉತ್ತಮ. ಸ್ಕ್ಯಾನ್ ಪ್ರತಿಯಲ್ಲಿ ಹುಡುಕಾಟ ಬೇಕಾದವರು ಟೆಸರಾಕ್ಟ್‌ನಂತಹ ಉಚಿತ ತಂತ್ರಾಂಶದಿಂದ ಕನ್ನಡ ಅಕ್ಷರ ಗುರುತಿಸುವಿಕೆ ಮಾಡಿಸಬಹುದು. ಆದರೆ ಹಳೆಯ ಮೊಳೆಯಚ್ಚಿನ ಪುಟಗಳಲ್ಲಿ ತಪ್ಪುಗಳು ಉಳಿದೇ ಉಳಿಯುತ್ತವೆ.

ಟ್ಯಾಬ್ಲೆಟ್‌ಗೆ ಬಂದ ಮೇಲೆ ಮೊದಲು ಮಾಡಬೇಕಾದುದು ಅಂಚು ಕತ್ತರಿಸುವುದು. ಸುತ್ತ ಒಂದೊಂದು ಇಂಚು ಖಾಲಿ ಇರುವ ಎ4 ಪುಟದ ಅಂಚನ್ನು ತೆಗೆದರೆ ಎಂಟೂವರೆಗೆ ಇಳಿದಿದ್ದ ಅಕ್ಷರ ಮತ್ತೆ ಹತ್ತು ಪಾಯಿಂಟಿನಷ್ಟಾಗುತ್ತದೆ. ಅದೂ ಸಾಲದಿದ್ದರೆ ಟ್ಯಾಬ್ಲೆಟ್ಟನ್ನು ಅಡ್ಡ ತಿರುಗಿಸಿ ಒಂದು ಪುಟವನ್ನು ಎರಡು ಭಾಗವಾಗಿ ಓದಬೇಕು; ಕೋರ್ಟಿನ ಹಳೆಯ ಉದ್ದ ಹಾಳೆಗಳಿಗೆ ಇದೇ ಸರಿಯಾದ ದಾರಿ. ಟಿಪ್ಪಣಿಗೆ ಅಂಚಿನ ಜಾಗ ಬೇಕೆನ್ನುವವರು ಬಲಭಾಗದ ಅಂಚನ್ನಷ್ಟೇ ಉಳಿಸಿಕೊಂಡು ಉಳಿದ ಮೂರನ್ನು ಕತ್ತರಿಸಬಹುದು.

ಗುರುತು ಹಾಕುವ ಶಿಸ್ತು

ಸ್ಕ್ಯಾನ್ ಪ್ರತಿಯಲ್ಲಿ ಅಕ್ಷರವೂ ಚಿತ್ರವೇ ಆದುದರಿಂದ ಪದವನ್ನು ಆರಿಸಿ ಬಣ್ಣ ಬಳಿಯುವ ಸೌಲಭ್ಯ ಅಲ್ಲಿ ನಡೆಯುವುದಿಲ್ಲ. ಪೆನ್ನಿನಿಂದಲೇ ಗೆರೆ ಎಳೆಯಬೇಕು. ಗೆರೆ ಎಳೆಯುವುದು ಸುಲಭವಾದಷ್ಟೂ ಎಲ್ಲೆಂದರಲ್ಲಿ ಗೆರೆ ಬೀಳುತ್ತದೆ. ಮೂರು ಗುರುತುಗಳನ್ನು ನಿಶ್ಚಯಿಸಿಕೊಂಡರೆ ಸಾಕು: ಮುಖ್ಯ ವಿಷಯಕ್ಕೆ ಅಂಚಿನಲ್ಲಿ ನಿಂತ ಗೆರೆ, ಸಂಶಯಕ್ಕೆ ಪ್ರಶ್ನಾರ್ಥಕ ಚಿಹ್ನೆ, ತಾನು ಮಾಡಬೇಕಾದ ಕೆಲಸಕ್ಕೆ ಚೌಕ. ಲೆಕ್ಕಪರಿಶೋಧನಾ ವರದಿ ಓದುವ ನಿರ್ದೇಶಕರು ಸಭೆಯಲ್ಲಿ ಚೌಕಗಳಿರುವ ಪುಟಗಳನ್ನಷ್ಟೇ ತಿರುಗಿಸಿದರಾಯಿತು. ಅರ್ಥಧಾರಿಗಳು ಪದ್ಯಕ್ಕೆ ಹೊಂದುವ ಪೀಠಿಕೆಯನ್ನೂ ಎದುರು ಪಾತ್ರದಿಂದ ಬರಬಹುದಾದ ಪ್ರಶ್ನೆಯನ್ನೂ ಪುಟಗಳ ನಡುವೆ ಖಾಲಿ ಹಾಳೆ ಸೇರಿಸಿ ಅಲ್ಲಿಯೇ ಬರೆದುಕೊಳ್ಳಬಹುದು. ಈ ಸೌಲಭ್ಯ ಎಲ್ಲ ಸಾಧನಗಳಲ್ಲಿ ಇಲ್ಲ.

ಪರದೆಯಲ್ಲಿ ಹಿಂದಿನ ಪುಟದ ನೆರಳು ಉಳಿದಂತೆ ಕಂಡರೆ ಅದು ದೋಷವಲ್ಲ. ಐದಾರು ಪುಟಕ್ಕೊಮ್ಮೆ ಪೂರ್ತಿ ತೊಳೆದು ಮೂಡಿಸುವಂತೆ ಹೊಂದಿಸಿಕೊಳ್ಳಬಹುದು.

ಟಿಪ್ಪಣಿಯನ್ನು ಹೊರತೆಗೆಯುವುದು

ಹಲವು ಸಾಧನಗಳು ನೀವು ಬರೆದ ಗೆರೆಗಳನ್ನು ಪಿಡಿಎಫ್ ಒಳಗೆ ಸೇರಿಸದೆ ತಮ್ಮದೇ ಪ್ರತ್ಯೇಕ ಜಾಗದಲ್ಲಿ ಇಟ್ಟುಕೊಳ್ಳುತ್ತವೆ. ಕಡತವನ್ನು ಕೇಬಲ್ ಮೂಲಕ ಕಂಪ್ಯೂಟರಿಗೆ ಎಳೆದುಕೊಂಡಾಗ ಗುರುತಿಲ್ಲದ ಮೂಲ ಪ್ರತಿಯೇ ಬರುವುದು ಇದರಿಂದ. ‘ಎಕ್ಸ್‌ಪೋರ್ಟ್’ ಎಂಬ ಆಯ್ಕೆಯ ಮೂಲಕವೇ ಗುರುತು ಸಹಿತವಾದ ಹೊಸ ಪಿಡಿಎಫ್ ಮಾಡಿಸಬೇಕು, ಅದನ್ನು ಮೊಬೈಲಿನಲ್ಲಿ ಒಮ್ಮೆ ತೆರೆದು ಗೆರೆಗಳು ಸರಿಯಾದ ಜಾಗದಲ್ಲಿಯೇ ಬಿದ್ದಿವೆಯೇ ಎಂದು ನೋಡಬೇಕು. ಅಂಚು ಕತ್ತರಿಸಿ ಬರೆದ ಪುಟಗಳನ್ನು ಇನ್ನಷ್ಟು ಗಮನವಿಟ್ಟು ನೋಡಿ. ಕಡತದ ಹೆಸರಿಗೆ ದಿನಾಂಕ ಸೇರಿಸಿ ಉಳಿಸಿ. ಗುರುತಿಲ್ಲದ ಮೂಲವನ್ನು ಬೇರೆಯೇ ಇಡಿ. ಸಾಧನ ಕೆಟ್ಟರೆ ಹೊರತೆಗೆಯದ ಟಿಪ್ಪಣಿಯೂ ಅದರೊಂದಿಗೆ ಹೋಗುವ ಸಂಭವವಿರುವುದರಿಂದ, ವಾರಕ್ಕೊಮ್ಮೆ ಈ ಕೆಲಸ ಮುಗಿಸುವುದು ಕ್ಷೇಮ.

ವಕೀಲರು, ವೈದ್ಯರು, ಸಾಲದ ಕಡತ ನೋಡುವ ಬ್ಯಾಂಕಿನವರು ಕ್ಲೌಡ್ ಜೋಡಣೆಯನ್ನು ನಿಲ್ಲಿಸಿಟ್ಟು ಕೇಬಲ್ ಮೂಲಕವೇ ಕಡತ ಸಾಗಿಸಬೇಕು. ಕಕ್ಷಿದಾರರ ಕಾಗದಪತ್ರ ತಮಗೆ ತಿಳಿಯದಂತೆ ಯಾವುದೋ ದೇಶದ ಸರ್ವರ್‌ಗೆ ಏರುವುದು ಬೇಡ. ತೆರೆಯಲು ಪಾಸ್‌ವರ್ಡ್ ಇರಲಿ.

ಮಳೆಗಾಲದ ಜೋಪಾನ

ಬಹುತೇಕ ಇ-ಇಂಕ್ ಪರದೆಗಳ ತಳಹಾಸು ತೆಳು ಗಾಜಿನದು. ಕೊಡೆ, ಟಿಫಿನ್ ಡಬ್ಬಿಗಳೊಂದಿಗೆ ಚೀಲದಲ್ಲಿ ತುರುಕಿ ದೇವಿಮನೆ ಘಟ್ಟದ ತಿರುವುಗಳಲ್ಲಿ ಬಸ್ಸಿನ ಜನಜಂಗುಳಿಯ ನಡುವೆ ಒತ್ತಿಸಿಕೊಂಡರೆ ಮೇಲೆ ಗೀರೂ ಇಲ್ಲದೆ ಒಳಗೇ ಬಿರುಕು ಬಿಡಬಹುದು. ಗಟ್ಟಿ ಹೊದಿಕೆ ಅಗತ್ಯ. ಕರಾವಳಿಯ ಉಪ್ಪುಗಾಳಿಗೆ ಚಾರ್ಜಿಂಗ್ ಕಿಂಡಿಯ ಲೋಹ ಹಸಿರುಗಟ್ಟುತ್ತದೆ, ಆದ್ದರಿಂದ ಬಳಸದಿರುವಾಗ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಮುಚ್ಚಳವಿರುವ ಡಬ್ಬಿಯಲ್ಲಿಡಬೇಕು, ಕಿಂಡಿ ಒದ್ದೆಯಾಗಿದ್ದಾಗ ಚಾರ್ಜಿಗೆ ಹಾಕಬಾರದು. ಪೆನ್ನಿನ ತುದಿ ಬಳಕೆಯಿಂದ ಸವೆಯುತ್ತದೆ. ಓರೆಯಾಗಿ ಸವೆದ ತುದಿಯಿಂದ ಬರೆದರೆ ಪರದೆಗೆ ಗೀರು ಬೀಳಬಹುದಾದುದರಿಂದ, ಕೊಳ್ಳುವಾಗಲೇ ಬದಲಿ ತುದಿಗಳ ಒಂದು ಪೊಟ್ಟಣವನ್ನೂ ಕೇಳಿ ತೆಗೆದುಕೊಳ್ಳಿ, ಊರಿನ ಅಂಗಡಿಗಳಲ್ಲಿ ಅವು ಸುಲಭಕ್ಕೆ ಸಿಗುವುದಿಲ್ಲ.