ತೋಟದ ಬಯಲಲ್ಲಿ ಷೋ ಜಂಪಿಂಗ್ ಕೋರ್ಸ್: ಮೊದಲು ಟೇಪು, ಆಮೇಲೆ ಎತ್ತರ

ಅಂತರರಾಷ್ಟ್ರೀಯ ಕುದುರೆ ಸವಾರಿ ಉತ್ಸವಗಳ ದೊಡ್ಡ ಸುತ್ತುಗಳಲ್ಲಿ ಜಂಪ್‌ನ ಎತ್ತರ 1.60 ಮೀಟರ್ ಮುಟ್ಟುತ್ತದೆ. ಅದನ್ನು ನೋಡಿ ಬಂದವರು ಮನೆಯಲ್ಲಿ ಮೊದಲು ಮಾಡುವ ಕೆಲಸ, ಪೋಲನ್ನು, ಅಂದರೆ ಅಡ್ಡಕಂಬವನ್ನು, ಒಂದೊಂದೇ ತೂತು ಮೇಲೇರಿಸುವುದು. ಎತ್ತರದ ವಿಶ್ವದಾಖಲೆ 2.47 ಮೀಟರ್, ಚಿಲಿ ದೇಶದ ಆಲ್ಬರ್ಟೊ ಲಾರ್ರಾಗಿಬೆಲ್ ಹುವಾಸೊ ಎಂಬ ಕುದುರೆಯ ಮೇಲೆ 1949ರಲ್ಲಿ ಮಾಡಿದ್ದು, ಇವತ್ತಿಗೂ ಅಲ್ಲೇ ನಿಂತಿದೆ. ಷೋ ಜಂಪಿಂಗ್ ಕೋರ್ಸ್, ಅಂದರೆ ಕುದುರೆ ಕ್ರಮವಾಗಿ ಹಾರಬೇಕಾದ ಜಂಪ್‌ಗಳ ಸಾಲು, ಹಾಕುವವರು ಸವಾರನನ್ನು ಪರೀಕ್ಷಿಸುವುದು ಎತ್ತರದಲ್ಲಿ ಅಷ್ಟಾಗಿ ಅಲ್ಲ, ಎರಡು ಜಂಪ್‌ಗಳ ನಡುವಿನ ನೆಲದಲ್ಲಿ. 90 ಸೆಂ.ಮೀ. ಎತ್ತರ ಆರೋಗ್ಯವಾಗಿರುವ ಕುದುರೆಗೆ ಲೆಕ್ಕಕ್ಕೇ ಇಲ್ಲ. ಆದರೂ ಆ ಎತ್ತರದ ಸ್ಪರ್ಧೆಗಳಲ್ಲೇ ಪೋಲುಗಳು ಧಾರಾಳವಾಗಿ ಉದುರುತ್ತವೆ.

ಹಾಸನ, ಚಿಕ್ಕಮಗಳೂರು ಕಡೆ ಕುದುರೆ ಸಾಕಿಕೊಂಡವರು ಬೆಂಗಳೂರಿನ ಸ್ಪರ್ಧೆಗೆ ಹೊರಡುವ ಮೊದಲು ಅದೇ ಅಳತೆಯ ಕೋರ್ಸನ್ನು ಮನೆಯ ಬಯಲಲ್ಲೇ ಹಾಕಿಕೊಳ್ಳಬಹುದು. 50 ಮೀಟರಿನ ಟೇಪು, ಒಬ್ಬ ಬಡಗಿ, ಒಬ್ಬ ವೆಲ್ಡಿಂಗ್‌ನವರು ಇದ್ದರೆ ಆಯಿತು.

ನೆಲ

80×50 ಮೀಟರ್ ಜಾಗ ಸಿಕ್ಕರೆ ಪೂರ್ತಿ ಕೋರ್ಸ್ ಹಾಕಬಹುದು. 60×40ರಲ್ಲೂ ನಡೆಯುತ್ತದೆ, ಆದರೆ ಜಂಪ್‌ಗಳ ಸಂಖ್ಯೆ ಕಡಿಮೆ ಮಾಡಿ, ತಿರುವಿಗೆ ಜಾಗ ಬಿಡಿ. ಕಾಫಿ ಕಣ ಸಮತಟ್ಟಾಗಿದೆ, ಖಾಲಿ ಇದೆ ಎಂದು ಅಲ್ಲಿ ಹಾರಿಸಲೇಬೇಡಿ. ಸಿಮೆಂಟಿನ ನೆಲದ ಮೇಲೆ ಇಳಿದ ಪೆಟ್ಟು ನೇರವಾಗಿ ಮುಂಗಾಲಿನ ಗೊರಸಿಗೂ ಸ್ನಾಯುರಜ್ಜುವಿಗೂ ಹೋಗುತ್ತದೆ. ಲಾಳ ಜಾರಿದರೆ ಕುದುರೆ ಮಗುಚಿಕೊಳ್ಳುತ್ತದೆ.

ನಮ್ಮ ಎರಡು ಜಿಲ್ಲೆಗಳ ಒಳಗೇ ನೆಲ ಎರಡು ಬಗೆ. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹುಲ್ಲಿನ ಮೇಲೆ ಹಾರಿಸುವ ಮಾತೇ ಇಲ್ಲ. ಅರಸೀಕೆರೆ, ಕಡೂರಿನ ಕಡೆ ತೊಂದರೆ ತಿರುಗಾಮುರುಗಾ: ಫೆಬ್ರುವರಿ ಹೊತ್ತಿಗೆ ಕೆಂಪು ಮಣ್ಣು ಇಟ್ಟಿಗೆಯಾಗಿರುತ್ತದೆ. ಪರೀಕ್ಷೆ ಸುಲಭ. ಬೂಟಿನ ಹಿಮ್ಮಡಿಯನ್ನು ಒತ್ತಿ ತಿರುಗಿಸಿ. 2–3 ಸೆಂ.ಮೀ. ಇಳಿದರೆ ಸರಿ. ಗುರುತೇ ಬೀಳದಿದ್ದರೆ ಹಿಂದಿನ ದಿನ ಸಂಜೆ ನೀರು ಹಾಯಿಸಿ, ಬೆಳಿಗ್ಗೆ ಹಲುಬೆ ಹೊಡೆಯಿರಿ. ಮರಳು ಹಾಸುವುದಾದರೆ 7ರಿಂದ 10 ಸೆಂ.ಮೀ. ಸಾಕು. ಹೆಚ್ಚು ಹಾಕಿದರೆ ಮೆತ್ತಗಿರುತ್ತದೆ ಎಂಬ ನಂಬಿಕೆ ತಪ್ಪು, ಆಳದ ಮರಳಿನಿಂದ ಕಾಲು ಕಿತ್ತು ಹಾರುವಾಗಲೇ ಸ್ನಾಯುರಜ್ಜು ಎಳೆದುಕೊಳ್ಳುವುದು. ಎಂ-ಸ್ಯಾಂಡ್ ಆದರೆ ಪುಡಿ ಕಡಿಮೆ ಇರುವುದನ್ನು ಆರಿಸಿ, ಪುಡಿ ಹೆಚ್ಚಿದ್ದರೆ ಒಣಗಿದಾಗ ಗಟ್ಟಿ ಕಟ್ಟುತ್ತದೆ.

ಪೋಲು, ಸ್ಟ್ಯಾಂಡು, ಕಪ್

ಆರು ನಂಬರಿನ ಕೋರ್ಸಿಗೆ, ನಾಲ್ಕನೆಯದು ಜೋಡಿ ಜಂಪ್ (ಒಂದೇ ನಂಬರಿನಡಿ ಎರಡು) ಎಂದಿಟ್ಟುಕೊಂಡರೆ, 25 ಪೋಲು, 20 ಸ್ಟ್ಯಾಂಡ್, ಸ್ಟ್ಯಾಂಡಿನಲ್ಲಿ ಪೋಲನ್ನು ಹೊರುವ 34 ಕಪ್ ಬೇಕು. ಪೋಲಿನ ಉದ್ದ 3.5 ಮೀಟರ್, ದಪ್ಪ 10 ಸೆಂ.ಮೀ. ತೋಟದ ಸಿಲ್ವರ್ ಓಕ್ ಚೆನ್ನಾಗಿ ಒಣಗಿದ ಮೇಲೆ ಈ ಅಳತೆಯಲ್ಲಿ ಸುಮಾರು 15–16 ಕೆ.ಜಿ. ತೂಗುತ್ತದೆ, ನೀಲಗಿರಿ 20 ಕೆ.ಜಿ. ಆಸುಪಾಸು. ಎರಡೂ ಆಗುತ್ತವೆ, ಸಿಪ್ಪೆ ತೆಗೆದು, ಗಂಟು ಕೆತ್ತಿ, ಉಜ್ಜಿಸಿ. ಬಿದಿರು ಬೇಡ, ಅಡಿಕೆ ದಬ್ಬೆ ಬೇಡ, ಪಿವಿಸಿ ಪೈಪಂತೂ ಬೇಡವೇ ಬೇಡ. ಮೂರೂ ಒಡೆದರೆ ಚೂಪಾದ ಸಿಬಿರಾಗುತ್ತವೆ. ಹಗುರವಾದ ಪೋಲಿಗೆ ಕಾಲು ತಾಗಿದರೂ ನೋವಾಗದ್ದರಿಂದ, ಕಾಲು ಮಡಿಸುವ ಶ್ರಮವೇಕೆಂದು ಕುದುರೆ ಬೇಗ ಕಲಿತುಬಿಡುತ್ತದೆ. ಬಿಳಿಯ ಜೊತೆ ಇನ್ನೊಂದು ಬಣ್ಣದ ಪಟ್ಟಿ ಹೊಡೆಸಿ. ಹಸಿರು ಮಾತ್ರ ಬೇಡ, ಹುಲ್ಲಿನಲ್ಲಿ ಅದು ಕಳೆದುಹೋಗುತ್ತದೆ.

ಸ್ಟ್ಯಾಂಡಿಗೆ 5 ಸೆಂ.ಮೀ.ಗೊಂದು ತೂತು. ಕಪ್ಪಿನ ಆಳದಲ್ಲಿ ಎಚ್ಚರ ಬೇಕು. ಅಂತರರಾಷ್ಟ್ರೀಯ ಒಕ್ಕೂಟವಾದ ಎಫ್‌ಇಐ ನಿಯಮದಲ್ಲಿ ಅದು 18ರಿಂದ 30 ಮಿ.ಮೀ.; ಮನೆಯಲ್ಲಿ 20 ಇಟ್ಟುಕೊಳ್ಳಿ. ವೆಲ್ಡಿಂಗ್ ಅಂಗಡಿಯಲ್ಲಿ ಅಳತೆ ಕೊಡದಿದ್ದರೆ ಪೈಪಿನ ಅರ್ಧಭಾಗವನ್ನೇ ಕತ್ತರಿಸಿ ಬೆಸೆದುಕೊಡುತ್ತಾರೆ, 50 ಮಿ.ಮೀ. ಆಳ. ಅಂಥ ಕಪ್ಪಿನಿಂದ ಪೋಲು ಉರುಳುವುದಿಲ್ಲ. ಉರುಳದ ಪೋಲಿಗೆ ಕಾಲು ಸಿಕ್ಕಿದರೆ ಕುದುರೆಯೇ ಉರುಳುತ್ತದೆ. ಆಕ್ಸರಿನ, ಅಂದರೆ ಅಗಲದ ಜಂಪಿನ, ಹಿಂಬದಿ ಪೋಲಿಗೆ ಸೇಫ್ಟಿ ಕಪ್ ಬೇಕೇ ಬೇಕು: ಮೇಲಿನಿಂದ ಭಾರ ಬಿದ್ದೊಡನೆ ಕಳಚಿ ಕೆಳಗೆ ಬೀಳುವಂಥದ್ದು. ಇದನ್ನು ಊರಲ್ಲಿ ಮಾಡಿಸಬೇಡಿ, ಮಾನ್ಯತೆ ಇರುವುದನ್ನೇ ಕೊಂಡುಕೊಳ್ಳಿ. ಬಳಸದ ಖಾಲಿ ಕಪ್ಪುಗಳನ್ನು ಸ್ಟ್ಯಾಂಡಿನಲ್ಲೇ ಬಿಟ್ಟರೆ ಸವಾರನ ಮಂಡಿಯೋ ಕುದುರೆಯ ಪಕ್ಕೆಯೋ ತರಚಿಕೊಳ್ಳುತ್ತದೆ.

ಅಂತರ

ಕ್ಯಾಂಟರ್ ಎಂಬ ಮಧ್ಯಮ ಓಟದ ಒಂದು ದಾಪುಗಾಲು, ಸವಾರರು ಸ್ಟ್ರೈಡ್ ಎನ್ನುವುದು, ಸುಮಾರು 3.6 ಮೀಟರ್. ಹಾರಿ ಇಳಿಯಲು 1.8, ಮುಂದಿನ ಜಂಪಿಗೆ ಚಿಮ್ಮಲು 1.8. ಹೀಗಾಗಿ ನಡುವೆ ಒಂದು ಸ್ಟ್ರೈಡ್ ಎಂದರೆ 7.2 ಮೀಟರ್, ಎರಡಾದರೆ 10.8, ಮೂರಾದರೆ 14.4, ನಾಲ್ಕಾದರೆ 18. ಟೇಪು ಹಿಡಿಯಬೇಕಾದ್ದು ಮೊದಲ ಜಂಪಿನ ಇಳಿಯುವ ಕಡೆಯಿಂದ ಎರಡನೆಯದರ ಚಿಮ್ಮುವ ಕಡೆಗೆ. ನಡುವಿನಿಂದ ನಡುವಿಗೆ ಅಳೆದರೆ ಆಕ್ಸರ್ ಇರುವಲ್ಲಿ ಅರ್ಧ ಮೀಟರ್ ಮೋಸವಾಗುತ್ತದೆ.

80–90 ಸೆಂ.ಮೀ. ಎತ್ತರಕ್ಕೆ ಕುದುರೆಯ ಹಾರಾಟ ಚಿಕ್ಕದು, ಆದ್ದರಿಂದ ಎರಡು ಸ್ಟ್ರೈಡಿಗೆ 10.4ರಿಂದ 10.6, ನಾಲ್ಕಕ್ಕೆ 17.5 ಇಡಿ. ಕಾಠಿಯಾವಾಡಿ, ಮಾರವಾಡಿ ಕುದುರೆಗಳ ಹೆಜ್ಜೆ ಇನ್ನೂ ಗಿಡ್ಡ. ರೇಸಿನಿಂದ ನಿವೃತ್ತಿಯಾದ ಥರೋಬ್ರೆಡ್ ಇದಕ್ಕೆ ವಿರುದ್ಧ: ಉದ್ದವಾಗಿ, ಚಪ್ಪಟೆಯಾಗಿ ಓಡುತ್ತದೆ. ಆದರೆ ಅಂತರವನ್ನು ನಿಮ್ಮ ಕುದುರೆಗೆ ಹೊಂದುವಂತೆ ಕಾಯಂ ಆಗಿ ಬದಲಿಸಿಕೊಂಡರೆ ಅಭ್ಯಾಸ ವ್ಯರ್ಥ. ಸ್ಪರ್ಧೆಯಲ್ಲಿ ಟೇಪು ಹಿಡಿಯುವವರಿಗೆ ನಿಮ್ಮ ಕುದುರೆಯ ಪರಿಚಯವಿಲ್ಲ. ಮೊದಲ ವಾರ ಹೊಂದಿಸಿಕೊಡಿ, ಬಳಿಕ ವಾರಕ್ಕೆ 10 ಸೆಂ.ಮೀ.ನಂತೆ ಪ್ರಮಾಣದ ಅಳತೆಗೆ ತನ್ನಿ. ಮಲೆನಾಡಿನಲ್ಲಿ ತೀರಾ ಸಮತಟ್ಟಾದ ಬಯಲು ಸಿಗುವುದು ಅಪರೂಪ. ಏರಿನಲ್ಲಿ ಹೆಜ್ಜೆ ಕುಗ್ಗುತ್ತದೆ, ಇಳಿಜಾರಿನಲ್ಲಿ ಹಿಗ್ಗುತ್ತದೆ. ನಾಲ್ಕು ಸ್ಟ್ರೈಡಿನ ಸಾಲು ಏರಿನತ್ತ ಇದ್ದರೆ 20–30 ಸೆಂ.ಮೀ. ಕಡಿಮೆ ಮಾಡಿ.

ಕ್ರಮ ಹೀಗಿರಲಿ. 1ನೆಯದು ಸರಳ ವರ್ಟಿಕಲ್ (ಅಗಲವಿಲ್ಲದ ನೇರ ಜಂಪ್), ಗೇಟಿನ ಕಡೆಗೆ ಮುಖ, 75 ಸೆಂ.ಮೀ. ಮನೆಯತ್ತ ಹೋಗುವಾಗ ಕುದುರೆ ತಾನಾಗಿ ಮುಂದೆ ಹೋಗುತ್ತದೆ. 2ನೆಯದು ಆಕ್ಸರ್: ಮುಂದಿನ ಪೋಲು 80, ಹಿಂದಿನದು 85, ಅಗಲ 80. ಅದರಿಂದ ನಾಲ್ಕು ಸ್ಟ್ರೈಡಿಗೆ 3ನೆಯ ವರ್ಟಿಕಲ್. ಅಗಲ ಹಾರಿ ಉದ್ದವಾಗಿ ಬಂದ ಕುದುರೆಯನ್ನು ಇಲ್ಲಿ ಕುಗ್ಗಿಸಬೇಕು, ನಿಜವಾದ ಪಾಠ ಇದೇ. 4ನೆಯ ಜೋಡಿ ಮೂಲೆಯಿಂದ ಮೂಲೆಗೆ ಅಡ್ಡಗೆರೆಯಲ್ಲಿರಲಿ, ದಿಕ್ಕು ಬದಲಾಗುತ್ತದೆ: ವರ್ಟಿಕಲ್, 10.5 ಮೀಟರ್, ಆಕ್ಸರ್. 5ನೆಯದಕ್ಕೆ ನೀಲಿ ಟಾರ್ಪಾಲನ್ನು 1 ಮೀಟರ್ ಅಗಲಕ್ಕೆ ಮಡಿಸಿ ಪೋಲಿನ ಕೆಳಗೆ ಹಾಸಿ. ಸ್ಪರ್ಧೆಯ ನೀರಿನ ತೊಟ್ಟಿಗೆ ಇಷ್ಟು ತಯಾರಿ ಸಾಕು. ಟಾರ್ಪಾಲಿನ ಎರಡೂ ಅಂಚಿನ ಮೇಲೆ ಒಂದೊಂದು ಪೋಲು ಹೇರಿ, ಗಾಳಿಗೆ ಪಟಪಟಿಸಿದರೆ ಆ ಕುದುರೆ ಮತ್ತೆ ಹತ್ತು ದಿನ ನೀಲಿ ಬಣ್ಣದ ಹತ್ತಿರ ಬರುವುದಿಲ್ಲ. 6ನೆಯದು ಮತ್ತೆ ಗೇಟಿನತ್ತ ಆಕ್ಸರ್.

ಪ್ರತಿ ಜಂಪಿನ ಬುಡದಲ್ಲಿ ಚಿಮ್ಮುವ ಕಡೆ ನೆಲದ ಮೇಲೊಂದು ಪೋಲು ಇರಬೇಕು, ಕುದುರೆ ದೂರವನ್ನು ಅಳೆಯುವುದು ಅದನ್ನು ನೋಡಿ. ಅದು ಕಾಲಿನ ಒದೆತಕ್ಕೆ ಒಳಕ್ಕೆ ಸರಿದು ಮೇಲಿನ ಪೋಲಿಗಿಂತ ಹಿಂದೆ ಹೋದರೆ ಕುದುರೆ ಮೋಸಹೋಗಿ ತೀರಾ ಹತ್ತಿರ ಬಂದು ಚಿಮ್ಮುತ್ತದೆ. ಪ್ರತಿ ಸುತ್ತಿನ ನಂತರ ಇದನ್ನು ನೋಡಿಕೊಳ್ಳಲು ಒಬ್ಬರು ಕೆಳಗಿರಲಿ. ಆಕ್ಸರಿನ ಹಿಂಬದಿಗೆ ಒಂದೇ ಪೋಲು. ಅದು ಮುಂದಿನದಕ್ಕಿಂತ ತಗ್ಗಿರಲೇಬಾರದು, ತಗ್ಗಿದ್ದರೆ ಕುದುರೆಗೆ ಕಾಣುವುದೇ ಇಲ್ಲ. ಅಲಂಕಾರಕ್ಕೆ ಕ್ರೋಟನ್ ಕುಂಡ ಇಡಿ. ನರ್ಸರಿಯ ಕಾಫಿ ಸಸಿ ಬೇಡ. ಕಾರಣ ಕೊನೆಗೆ ಬರುತ್ತದೆ.

ನಡೆದು ಅಳೆಯುವುದು

ಸ್ಪರ್ಧೆಯಲ್ಲಿ ಟೇಪು ಒಳಗೆ ತರುವಂತಿಲ್ಲ, ಕಾಲೇ ಅಳತೆಗೋಲು. ಜಗಲಿಯ ಮೇಲೆ 90 ಸೆಂ.ಮೀ.ಗೊಂದು ಸೀಮೆಸುಣ್ಣದ ಗೆರೆ ಹಾಕಿ, ನೋಡದೆಯೂ ಅದೇ ಹೆಜ್ಜೆ ಬರುವ ತನಕ ನಡೆಯಿರಿ. ನಾಲ್ಕು ಹೆಜ್ಜೆಗೆ ಒಂದು ಸ್ಟ್ರೈಡ್. ಮೊದಲ ಎರಡು ಹೆಜ್ಜೆ ಇಳಿಯಲು, ಕೊನೆಯ ಎರಡು ಚಿಮ್ಮಲು. ಜೋಡಿ ಜಂಪಿನಲ್ಲಿ ಒಟ್ಟು 12 ಬಂದರೆ ಎರಡು ಸ್ಟ್ರೈಡ್, 8 ಬಂದರೆ ಒಂದು. ಬಿಡಿಯಾಗಿರುವ ಎರಡು ಜಂಪ್‌ಗಳ ನಡುವೆ 14 ಬಂದರೆ? ಅದೇ ಕೋರ್ಸ್ ಹಾಕಿದವರ ಪ್ರಶ್ನೆ. ಮೂರು ಚಿಕ್ಕದಾಗಿಯೋ ಎರಡು ಉದ್ದವಾಗಿಯೋ ಎಂಬುದನ್ನು ಅಲ್ಲೇ ತೀರ್ಮಾನಿಸಿ, ಕುದುರೆ ಮೇಲೆ ಕೂತ ಮೇಲಲ್ಲ. ತಿರುವುಗಳನ್ನೂ ಕುದುರೆ ಹೋಗುವ ದಾರಿಯಲ್ಲೇ ನಡೆಯಿರಿ, ಅಡ್ಡದಾರಿ ಹಿಡಿದು ಮಾತಾಡಿಕೊಂಡು ನಡೆದರೆ ಏನೂ ತಿಳಿಯುವುದಿಲ್ಲ. ಕೆಂಪು ಬಾವುಟ ಬಲಕ್ಕೆ, ಬಿಳಿ ಎಡಕ್ಕೆ. ವಾರ್ಮ್-ಅಪ್ ಜಾಗದಲ್ಲೂ ಇದೇ ನಿಯಮ.

ವೇಗ ಮತ್ತು ದಂಡ

ಕೊಟ್ಟಿರುವ ಸಮಯ ಎಂದರೆ ಕೋರ್ಸಿನ ಉದ್ದವನ್ನು ನಿಗದಿತ ವೇಗದಿಂದ ಭಾಗಿಸಿದ್ದು. 280 ಮೀಟರ್ ಕೋರ್ಸು, ನಿಮಿಷಕ್ಕೆ 350 ಮೀಟರ್ ವೇಗ ಎಂದರೆ 48 ಸೆಕೆಂಡು. ಆ ವೇಗ ಮೈಗೆ ಹತ್ತಬೇಕಾದರೆ ಬಯಲಿನ ಸುತ್ತ 175 ಮೀಟರಿನ ದಾರಿ ಗುರುತಿಸಿ, ಅದನ್ನು ಸರಿಯಾಗಿ 30 ಸೆಕೆಂಡಿಗೆ ಮುಗಿಸುವುದನ್ನು ರೂಢಿಸಿ. ಹೊಸಬರಲ್ಲಿ ಬಹುತೇಕರು 36–37ಕ್ಕೆ ಬರುತ್ತಾರೆ, ವೇಗವಾಗಿ ಹೋದೆವೆಂದು ನಂಬಿಕೊಂಡೇ.

ಪೋಲು ಬಿದ್ದರೆ 4 ದಂಡಾಂಕ, ಮೊದಲ ನಿರಾಕರಣೆಗೆ, ಅಂದರೆ ಕುದುರೆ ಹಾರದೆ ನಿಂತರೆ, 4. ಎಫ್‌ಇಐ ನಿಯಮದಲ್ಲಿ ಎರಡನೆಯ ನಿರಾಕರಣೆಗೆ ಹೊರಗೆ. ಸ್ಥಳೀಯ ತರಗತಿಗಳಲ್ಲಿ ಬೇರೆ ಇರಬಹುದು, ಸ್ಪರ್ಧೆಯ ಪ್ರಕಟಣೆ ಓದಿಕೊಳ್ಳಿ. ಬಿದ್ದರೂ ಹೊರಗೆ. ಗಂಟೆ ಹೊಡೆದ ಮೇಲೆ 45 ಸೆಕೆಂಡಿನೊಳಗೆ ಆರಂಭದ ಗೆರೆ ದಾಟಬೇಕು. ಗಂಟೆಗೆ ಮುಂಚೆಯೇ ಹೊರಟರೆ ಸುತ್ತು ಅಲ್ಲಿಗೆ ಮುಗಿಯಿತು. ಜೋಡಿಯ ಎರಡನೆಯದರಲ್ಲಿ ಕುದುರೆ ನಿಂತರೆ ಮೊದಲನೆಯದನ್ನೂ ಸೇರಿಸಿ ಮತ್ತೆ ಹಾರಬೇಕು. ಹೊಸಬರು ಮರೆಯುವುದು ಇದನ್ನೇ. ಎರಡು ಜಂಪ್‌ಗಳ ನಡುವೆ ನಿಮ್ಮ ದಾರಿಯನ್ನು ನೀವೇ ದಾಟುವಂತೆ ಸುತ್ತು ಹೊಡೆದರೆ ಅದೂ ನಿರಾಕರಣೆಯ ಲೆಕ್ಕಕ್ಕೆ.

ಸಮಬಲ ಬಂದಾಗ ನಡೆಯುವ ಜಂಪ್-ಆಫ್‌ನಲ್ಲಿ ನಾಗಾಲೋಟ ಹೊಡೆಯಬೇಕೆಂದುಕೊಳ್ಳುತ್ತಾರೆ. ಲೆಕ್ಕ ಹಾಕಿ ನೋಡಿ. ನಿಮಿಷಕ್ಕೆ 350 ಎಂದರೆ ಸೆಕೆಂಡಿಗೆ 5.8 ಮೀಟರ್. 30 ಮೀಟರಿನ ನೇರ ದಾರಿಯಲ್ಲಿ ವೇಗವನ್ನು 400ಕ್ಕೆ ಏರಿಸಿದರೆ ಉಳಿಯುವುದು ಅರ್ಧ ಸೆಕೆಂಡಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಒಂದು ತಿರುವಿನಲ್ಲಿ 12 ಮೀಟರ್ ಉಳಿಸಿದರೆ ಎರಡು ಸೆಕೆಂಡು. ವೇಗ ಹೆಚ್ಚಿಸಿದವರ ಕುದುರೆ ಚಪ್ಪಟೆಯಾಗಿ ಪೋಲು ಬೀಳಿಸುತ್ತದೆ, ತಿರುವಿನಲ್ಲಿ ಉಳಿಸಿದವರದು ಹಾಗಲ್ಲ.

ಪೋಲು ಏಕೆ ಬಿತ್ತು

ಯಾವ ಕಾಲು ತಾಗಿತೆಂದು ನೋಡದೆ ಜಂಪನ್ನು ಮತ್ತೆ ಹಾರಿಸಬೇಡಿ. ಮೊಬೈಲಿನಲ್ಲಿ ಬದಿಯಿಂದ ಚಿತ್ರಿಸಿಕೊಂಡರೆ ವಾದವೇ ಇರುವುದಿಲ್ಲ. ವರ್ಟಿಕಲ್‌ನಲ್ಲಿ ಮುಂಗಾಲು ತಾಗಿದರೆ ಕುದುರೆ ತೀರಾ ಬುಡಕ್ಕೆ ಬಂದಿದೆ. ಹೆಚ್ಚಾಗಿ ಕೊನೆಯ ಮೂರು ಸ್ಟ್ರೈಡಿನಲ್ಲಿ ಸವಾರ ಲಗಾಮು ಎಳೆದಾಡಿರುತ್ತಾನೆ. ಹಿಂಗಾಲು ತಾಗಿದರೆ ವೇಗ ಮಿತಿಮೀರಿದೆ, ಇಲ್ಲವೇ ಕುದುರೆ ಇನ್ನೂ ಗಾಳಿಯಲ್ಲಿರುವಾಗಲೇ ಸವಾರ ಜೀನಿನ ಮೇಲೆ ಕೂತಿದ್ದಾನೆ. ಆಕ್ಸರಿನ ಹಿಂಬದಿ ಪೋಲು ಬಿದ್ದರೆ ದೂರದಿಂದ ಚಿಮ್ಮಿದೆ, ಅಥವಾ ಹಿಂಗಾಲಿನಲ್ಲಿ ಕಸುವಿಲ್ಲದೆ ಬಂದಿದೆ. ಜೋಡಿಯ ಎರಡನೆಯದು ಬಿದ್ದರೆ ತಪ್ಪು ಮೊದಲನೆಯದರಲ್ಲಿದೆ, ತಿದ್ದಬೇಕಾದ್ದೂ ಅಲ್ಲೇ. ವರ್ಟಿಕಲ್‌ನ ಮುಂದೆ 2.5–2.7 ಮೀಟರಿಗೆ ಒಂದು ಪೋಲನ್ನು ನೆಲದಲ್ಲಿಟ್ಟು ಟ್ರಾಟ್ ಎಂಬ ನಿಧಾನದ ಓಟದಲ್ಲಿ ಬಂದರೆ ಚಿಮ್ಮುವ ಜಾಗ ತಾನಾಗಿ ಸರಿಹೋಗುತ್ತದೆ. ವಾರಕ್ಕೆ ಎರಡು ದಿನ ಹಾರಿಸಿದರೆ ಸಾಕು. ಒಂದು ದಿನಕ್ಕೆ 25–30 ಹಾರಿಕೆ ದಾಟಬೇಡಿ.

ಹೊರಡುವ ಮುನ್ನ

ಹಾಸನದಿಂದ ಬೆಂಗಳೂರಿಗೆ ಸುಮಾರು 185 ಕಿ.ಮೀ., ಚಿಕ್ಕಮಗಳೂರಿನಿಂದ 245. ನಡುವೆ ಒಮ್ಮೆಯಾದರೂ ನಿಲ್ಲಿಸಿ ನೀರು ಕೊಡಿ. ಹೊಸ ಜಾಗದ ನೀರು ಮೂಸಿ ಬಿಡುವ ಕುದುರೆಗೆ ಮನೆಯ ನೀರಿನ ಕ್ಯಾನೇ ಗತಿ. ಗ್ಲ್ಯಾಂಡರ್ಸ್ ಎಂಬ ಸಾಂಕ್ರಾಮಿಕ ರೋಗದ ರಕ್ತಪರೀಕ್ಷೆಯ ವರದಿಯನ್ನು ಕೇಳುತ್ತಾರೆ, ವರದಿ ಬರಲು ಹಿಡಿಯುವ ಸಮಯ ಲೆಕ್ಕಹಾಕಿ ಮೊದಲೇ ಪಶುವೈದ್ಯರಿಂದ ರಕ್ತ ತೆಗೆಸಿ. ಎಫ್‌ಇಐ ಸ್ಪರ್ಧೆಯಾದರೆ ಇನ್‌ಫ್ಲುಯೆಂಜಾ ಲಸಿಕೆಯ ಬೂಸ್ಟರ್ 6 ತಿಂಗಳು 21 ದಿನದ ಒಳಗಿನದಾಗಿರಬೇಕು, ಕುದುರೆ ಬಂದಿಳಿಯುವ ಹಿಂದಿನ 7 ದಿನದೊಳಗೆ ಹಾಕಿಸಿದ್ದಾಗಿರಬಾರದು.

ಕಾಫಿ ಸಸಿಯ ಕಾರಣ ಇದು: ಕೆಫೀನ್ ಎಫ್‌ಇಐ ನಿಷೇಧಿತ ಪದಾರ್ಥಗಳ ಪಟ್ಟಿಯಲ್ಲಿದೆ. ಕಾಫಿ ನಾಡಿನ ಕುದುರೆಗೆ ಅದು ಎಲ್ಲಿಂದಲಾದರೂ ಸೇರಬಹುದು: ಪಲ್ಪಿಂಗ್ ತೊಟ್ಟಿಯ ನೀರು, ಹಾಸಿಗೆಗೆ ಹಾಕಿದ ಕಾಫಿ ಹೊಟ್ಟು, ಬೇಲಿಯಾಚೆ ಬಾಗಿದ ಹಣ್ಣಿನ ರೆಂಬೆ, ಕುದುರೆ ನೋಡಿಕೊಳ್ಳುವವರ ಲೋಟದ ತಳದ ಕಾಫಿ. ಮೂತ್ರದ ಮಾದರಿಯಲ್ಲಿ ಸಿಕ್ಕರೆ ಯಾರು ಕೊಟ್ಟರೆಂಬುದು ಆಮೇಲಿನ ಮಾತು, ಫಲಿತಾಂಶ ರದ್ದಾಗುವುದು ಮೊದಲು. ಡಿಸೆಂಬರ್‌ನಿಂದ ಫೆಬ್ರುವರಿವರೆಗಿನ ಕುಯಿಲಿನ ಕಾಲದಲ್ಲಿ ಲಾಯದ ಬಕೆಟ್ಟುಗಳನ್ನು ಬೇರೆಯೇ ಇಡಿ, ಅವಕ್ಕೆ ಗುರುತಿನ ಬಣ್ಣ ಹೊಡೆಯಿರಿ, ಹಾಸಿಗೆಗೆ ಭತ್ತದ ಹುಲ್ಲನ್ನೋ ಮರದ ಹೊಟ್ಟನ್ನೋ ಬಳಸಿ.